ನ್ಯಾನೊ ಹಾಳೆಗಳು, ಬ್ಯಾಟರಿ, ಜಲಜನಕ: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದಲ್ಲಿ ರಸಾಯನಶಾಸ್ತ್ರ ಕಲಿಸುವವರ ಬಳಿ ನ್ಯಾನೊ ಹಾಳೆಗಳ ವಿಷಯ ಕೇಳಿಕೊಂಡು ಬರುವವರು ಹಲವು ಬಗೆ. ಎಂ.ಎಸ್ಸಿ ಪ್ರಾಜೆಕ್ಟಿಗೆ ವಿಷಯ ಹುಡುಕುವ ಹಾವೇರಿಯ ವಿದ್ಯಾರ್ಥಿ, ಮಗಳು ಪಿಎಚ್.ಡಿ ಮಾಡುತ್ತೇನೆ ಎಂದಾಗ ಇದೇನು ವಿಷಯವೆಂದು ತಿಳಿಯಬಯಸುವ ಗದುಗಿನ ತಂದೆ, ಹುಬ್ಬಳ್ಳಿಯಲ್ಲಿ ವಿದ್ಯುತ್ ಸ್ಕೂಟರ್ ಕೊಳ್ಳಹೊರಟವರು. ಎಲ್ಲರಿಗೂ ಒಂದೇ ಕಡೆ ಉತ್ತರ ಸಿಗಲಿ ಎಂದು ಇದನ್ನು ಬರೆದಿದ್ದೇನೆ. ವಿದ್ಯಾರ್ಥಿಗಳು ಸಂಶೋಧನಾ ಲೇಖನಗಳ ಅಂಕಿ, ಅಳತೆಯ ಕುರಿತ ಪ್ರಶ್ನೆಯನ್ನು ಮಾತ್ರ ಬಿಡದೆ ಓದಬೇಕು. ಈ ಕ್ಷೇತ್ರದಲ್ಲಿ ಹೊಸ ಹಾಳೆ ತಯಾರಿಸುವುದಕ್ಕಿಂತ ತಯಾರಿಸಿದ್ದನ್ನು ಸರಿಯಾಗಿ ಅಳೆಯುವುದೇ ಕಷ್ಟದ ಕೆಲಸ.

ನ್ಯಾನೊ ಹಾಳೆ ಎಂದರೆ ನಿಖರವಾಗಿ ಏನು?

ಉದ್ದ, ಅಗಲ ಮೈಕ್ರೋಮೀಟರುಗಟ್ಟಲೆ ಇದ್ದು, ದಪ್ಪ ಮಾತ್ರ ಒಂದು ಅಥವಾ ಕೆಲವೇ ಪರಮಾಣು ಪದರಗಳಷ್ಟಿರುವ ವಸ್ತು. ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರ್ಯಾಫೈಟ್ ಇದಕ್ಕೆ ಎಲ್ಲರಿಗೂ ಗೊತ್ತಿರುವ ಮೂಲ. ಅದರ ಒಂದು ಪದರದೊಳಗೆ ಇಂಗಾಲದ ಪರಮಾಣುಗಳು ಬಿಗಿಯಾಗಿ ಬೆಸೆದುಕೊಂಡಿರುತ್ತವೆ; ಪದರ ಪದರಗಳ ನಡುವಿನ ಹಿಡಿತ ಮಾತ್ರ ತೀರಾ ದುರ್ಬಲ. ಬರೆಯುವಾಗ ಕಾಗದದ ಮೇಲೆ ಕಪ್ಪು ಗೆರೆ ಮೂಡುವುದು ಆ ಪದರಗಳು ಜಾರಿ ಬಿಡಿಸಿಕೊಳ್ಳುವುದರಿಂದ. ಎರಡು ಪದರಗಳ ನಡುವಿನ ಅಂತರ 0.335 ನ್ಯಾನೊಮೀಟರ್. ಹತ್ತು ಲಕ್ಷ ಪದರ ಪೇರಿಸಿದರೂ ಎತ್ತರ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗವಷ್ಟೇ.

ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ 2004ರಲ್ಲಿ ಅಂಟುಪಟ್ಟಿಯಿಂದ ಗ್ರ್ಯಾಫೈಟನ್ನು ಮತ್ತೆ ಮತ್ತೆ ಸುಲಿದು ಒಂದೇ ಪದರದ ಗ್ರಾಫೀನನ್ನು ಬೇರ್ಪಡಿಸಿ, ಅದರ ವಿದ್ಯುತ್ ಗುಣಗಳನ್ನು ಅಳೆದು ತೋರಿಸಿದರು. 2010ರಲ್ಲಿ ಇಬ್ಬರಿಗೂ ಭೌತಶಾಸ್ತ್ರದ ನೊಬೆಲ್ ಬಂತು.

ಅಷ್ಟು ತೆಳುವಾದ ಮಾತ್ರಕ್ಕೆ ಏನು ಸಿಗುತ್ತದೆ?

ಮೊದಲನೆಯದಾಗಿ ಮೇಲ್ಮೈ. ಒಂದು ಗ್ರಾಂ ಗ್ರಾಫೀನಿನ ಎರಡೂ ಬದಿ ಲೆಕ್ಕ ಹಿಡಿದರೆ ಸೈದ್ಧಾಂತಿಕವಾಗಿ 2,630 ಚದರ ಮೀಟರ್, ಅಂದರೆ ನಮ್ಮ ಲೆಕ್ಕದಲ್ಲಿ 26 ಗುಂಟೆ. ವಿದ್ಯುತ್ ಸಂಗ್ರಹವೂ ವೇಗವರ್ಧನೆಯೂ (ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವುದು) ಬಹುಪಾಲು ಮೇಲ್ಮೈಯಲ್ಲೇ ನಡೆಯುವ ಕೆಲಸಗಳಾದ್ದರಿಂದ ಇದು ಸಣ್ಣ ಲಾಭವಲ್ಲ.

ಎರಡನೆಯದು ದಾರಿ. ದಪ್ಪ ಕಣದ ಗರ್ಭದವರೆಗೆ ಲಿಥಿಯಮ್ ಅಯಾನು, ಅಂದರೆ ವಿದ್ಯುದಂಶ ಹೊತ್ತ ಪರಮಾಣು, ನುಗ್ಗಿ ಹೊರಬರಲು ಸಮಯ ಹಿಡಿಯುತ್ತದೆ. ಹಾಳೆ ತೆಳುವಾದಷ್ಟೂ ಆ ದೂರ ಕಡಿಮೆಯಾಗಿ ಚಾರ್ಜ್ ಬೇಗ ಆಗುತ್ತದೆ. ಮೂರನೆಯದು ಅಂಚು. ಹಾಳೆಯ ನಡುಭಾಗದ ಪರಮಾಣುಗಳಿಗೆ ಬೇಕಾದಷ್ಟು ಬಂಧಗಳಿದ್ದು ಅವು ಸುಮ್ಮನಿರುತ್ತವೆ, ಅಂಚಿನಲ್ಲಿರುವವು ಬೇರೆ ಅಣುವನ್ನು ಹಿಡಿಯಲು ಕಾದಿರುತ್ತವೆ.

ಗ್ರಾಫೀನ್ ಒಂದೇ ಅಲ್ಲವೇ? ಬೇರೆ ಯಾವುವಿವೆ?

ಬಹಳಷ್ಟಿವೆ. ಹೊಸಬರು ನಾಲ್ಕು ಕುಲಗಳನ್ನು ತಿಳಿದಿದ್ದರೆ ಸಾಕು. ಗ್ರಾಫೀನ್ ಮತ್ತು ಅದರ ಬಂಧುಗಳು ಮೊದಲನೆಯದು. ಮಾಲಿಬ್ಡಿನಮ್ ಡೈಸಲ್ಫೈಡಿನಂಥ ಲೋಹ–ಗಂಧಕದ ಹಾಳೆಗಳು ಎರಡನೆಯದು. ಕಚ್ಚಾ ತೈಲದಿಂದ ಗಂಧಕ ತೆಗೆಯಲು ಈ ವಸ್ತುವನ್ನು ಸಂಸ್ಕರಣಾಗಾರಗಳು ದಶಕಗಳಿಂದ ಬಳಸುತ್ತಿವೆ. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಇದರ ತೆಳು ಹಾಳೆಗಳ ಮೇಲೆ ಮೊದಲ ಹಂತದಲ್ಲೇ ಕೆಲಸ ಮಾಡಿತು ಎಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರಬೇಕು.

ಮೂರನೆಯದು ಮ್ಯಾಕ್ಸೀನ್. 2011ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ನಗೀಬ್, ಯೂರಿ ಗೊಗೊಟ್ಸಿ, ಮಿಶೆಲ್ ಬಾರ್ಸೂಮ್ ಮತ್ತವರ ಸಂಗಡಿಗರು ಟೈಟಾನಿಯಮ್, ಅಲ್ಯೂಮಿನಿಯಮ್, ಇಂಗಾಲ ಸೇರಿದ ಪದರವಸ್ತುವಿನಿಂದ ಅಲ್ಯೂಮಿನಿಯಮ್ ಪದರವನ್ನಷ್ಟೇ ಆಮ್ಲದಲ್ಲಿ ಕರಗಿಸಿ ಟೈಟಾನಿಯಮ್ ಕಾರ್ಬೈಡ್ ಹಾಳೆಗಳನ್ನು ಪಡೆದರು. ಲೋಹದಂತೆ ವಿದ್ಯುತ್ ಹರಿಸುತ್ತದೆ, ನೀರಿನಲ್ಲಿ ಚೆನ್ನಾಗಿ ಹರಡುತ್ತದೆ. ಆದರೆ ನೀರು ಮತ್ತು ಗಾಳಿಯ ಆಮ್ಲಜನಕದ ಸಹವಾಸದಲ್ಲಿ ದಿನ ಕಳೆದಂತೆ ಆಕ್ಸೈಡಾಗಿ ಕೆಡುತ್ತದೆ. ನಾಲ್ಕನೆಯದು ಎರಡು ಲೋಹಗಳು ಸೇರಿದ ಪದರ ಹೈಡ್ರಾಕ್ಸೈಡುಗಳು. ನಿಕಲ್ ಮತ್ತು ಕಬ್ಬಿಣದ ಜೋಡಿ ಇವುಗಳಲ್ಲಿ ಹೆಸರುವಾಸಿ. ನಮ್ಮ ಕಾಲೇಜುಗಳಿಗೆ ಎಲ್ಲಕ್ಕಿಂತ ಒಗ್ಗುವುದು ಇದೇ ಎಂಬುದು ನನ್ನ ಅಭಿಪ್ರಾಯ. ಕಾರಣ ಮುಂದೆ ಹೇಳುತ್ತೇನೆ.

ಬ್ಯಾಟರಿಗೂ ಸೂಪರ್‌ಕೆಪಾಸಿಟರಿಗೂ ವ್ಯತ್ಯಾಸವೇನು?

ಬ್ಯಾಟರಿಯಲ್ಲಿ ಅಯಾನುಗಳು ವಸ್ತುವಿನ ಒಳಹೊಕ್ಕು ರಾಸಾಯನಿಕ ಕ್ರಿಯೆ ನಡೆಸುತ್ತವೆ. ಸೂಪರ್‌ಕೆಪಾಸಿಟರಿನಲ್ಲಿ ಅವು ಬಹುಮಟ್ಟಿಗೆ ಮೇಲ್ಮೈಗೆ ಬಂದು ನಿಲ್ಲುತ್ತವೆ. ಹಾಗಾಗಿ ಮೊದಲನೆಯದು ಹೆಚ್ಚು ಹಿಡಿಯುತ್ತದೆ, ಎರಡನೆಯದು ಬೇಗ ಕೊಡುತ್ತದೆ. ಲಿಥಿಯಮ್ ಅಯಾನ್ ಕೋಶಗಳು ಕಿಲೋಗ್ರಾಮಿಗೆ ಸುಮಾರು 150ರಿಂದ 250 ವಾಟ್–ಗಂಟೆ ಹಿಡಿದರೆ ಮಾರುಕಟ್ಟೆಯ ಸೂಪರ್‌ಕೆಪಾಸಿಟರುಗಳು ಐದರಿಂದ ಹತ್ತು ಹಿಡಿಯುತ್ತವೆ. ಆದರೆ ಲಕ್ಷಗಟ್ಟಲೆ ಬಾರಿ ಚಾರ್ಜ್ ಆಗಿಯೂ ಬಾಳುತ್ತವೆ. ಒಂದರ ಜಾಗಕ್ಕೆ ಇನ್ನೊಂದು ಬರುತ್ತದೆ ಎಂಬ ಮಾತು ತಪ್ಪು.

‘ಗ್ರಾಫೀನ್ ಬ್ಯಾಟರಿ’ ಇರುವ ಸ್ಕೂಟರ್ ಕೊಳ್ಳಬಹುದೇ?

ಕೊಳ್ಳುವ ಮುನ್ನ ಒಂದೇ ಪ್ರಶ್ನೆ ಕೇಳಿ: ಒಳಗಿರುವುದು ಲಿಥಿಯಮ್ಮೋ ಸೀಸ–ಆಮ್ಲವೋ? ಆ ಹೆಸರಿನಲ್ಲಿ ಮಾರಾಟವಾಗುವ ಎಷ್ಟೋ ಬ್ಯಾಟರಿಗಳು ಸ್ವಲ್ಪ ಗ್ರಾಫೀನ್ ಬೆರೆಸಿದ ಸೀಸ–ಆಮ್ಲದ ಬ್ಯಾಟರಿಗಳೇ. ಲಿಥಿಯಮ್ ಬ್ಯಾಟರಿಗಳಲ್ಲೂ ಗ್ರಾಫೀನ್ ಬಳಸುವುದುಂಟು, ಆದರೆ ಅಲ್ಲಿ ಅದರ ಪಾತ್ರ ವಿದ್ಯುತ್ ಹರಿಯಲು ದಾರಿ ಮಾಡಿಕೊಡುವ ಬೆರಕೆಯದು. ಅದು ಉಪಯುಕ್ತ ಬೆರಕೆ, ಸಂದೇಹವಿಲ್ಲ. ಆದರೆ ಶಕ್ತಿಯನ್ನು ಹಿಡಿದಿಡುವ ಮುಖ್ಯ ವಸ್ತು ಬೇರೆಯೇ. ಹೆಸರಿಗೆ ಬೆಲೆ ಕೊಡಬೇಡಿ. ವಾಟ್–ಗಂಟೆ, ತೂಕ, ಖಾತರಿಯ ವರ್ಷಗಳನ್ನು ನೋಡಿ ಕೊಳ್ಳಿ.

ಇಷ್ಟೆಲ್ಲ ಗುಣಗಳಿದ್ದರೂ ಈ ಹಾಳೆಗಳು ಮಾರುಕಟ್ಟೆಗೆ ಯಾಕೆ ತುಂಬಿ ಬಂದಿಲ್ಲ?

ಮುಖ್ಯ ತೊಡಕು, ಬಿಡಿಸಿದ ಹಾಳೆಗಳು ಮತ್ತೆ ಅಂಟಿಕೊಳ್ಳುವುದು. ದ್ರವದಲ್ಲಿ ತೇಲುವಾಗ ಬಿಡಿ ಬಿಡಿಯಾಗಿರುವ ಹಾಳೆಗಳು ಒಣಗಿಸಿ ವಿದ್ಯುದ್ವಾರ (ಎಲೆಕ್ಟ್ರೋಡ್) ಮಾಡುವ ಹೊತ್ತಿಗೆ, ಹಸಿ ಹಪ್ಪಳಗಳನ್ನು ಒಂದರ ಮೇಲೊಂದು ಹಾಕಿ ಒಣಗಿಸಿದಂತೆ, ಒಂದೇ ಗಟ್ಟಿಯಾಗಿ ಬಿಡುತ್ತವೆ. 26 ಗುಂಟೆಯ ಲೆಕ್ಕ ಅಲ್ಲಿಗೆ ಮುಗಿಯಿತು. ನಡುವೆ ಇಂಗಾಲದ ನಳಿಗೆಗಳನ್ನು ಇಡುವುದು, ಹಾಳೆಗಳನ್ನು ಸುಕ್ಕುಗಟ್ಟಿಸುವುದು, ತೂತು ಮಾಡುವುದು, ಲೋಹದ ಜಾಲರಿಯ ಮೇಲೆ ನಿಂತಂತೆ ಬೆಳೆಸುವುದು, ಈ ಎಲ್ಲ ಉಪಾಯಗಳೂ ಆ ಒಂದು ತೊಂದರೆಗೆ ಹುಡುಕಿದ ಮದ್ದು.

ಇನ್ನೊಂದು ತೊಡಕು ಜಾಗದ್ದು. ಹಾಳೆಗಳನ್ನು ಸಡಿಲವಾಗಿ ಇಟ್ಟರೆ ತೂಕದ ಲೆಕ್ಕದಲ್ಲಿ ಅಂಕಿ ಚೆನ್ನಾಗಿರುತ್ತದೆ, ಗಾತ್ರದ ಲೆಕ್ಕದಲ್ಲಿ ಸೋಲುತ್ತದೆ. ಮೊಬೈಲಿನೊಳಗೆ ಇರುವುದು ಅಷ್ಟೇ ಜಾಗ ತಾನೇ? ಬೆಲೆ ಮೂರನೆಯ ತೊಡಕು. ಹದಿನೈದು ರೂಪಾಯಿಯ ಕೆಲಸವನ್ನು ಗ್ರ್ಯಾಫೈಟ್ ಚೆನ್ನಾಗಿಯೇ ಮಾಡುತ್ತಿರುವಾಗ ಸಾವಿರ ರೂಪಾಯಿಯ ವಸ್ತು ತನ್ನ ಯೋಗ್ಯತೆಯನ್ನು ಸಾಬೀತು ಮಾಡಬೇಕು. ಗ್ರಾಂಗೆ 372 ಮಿಲಿಆಂಪಿಯರ್–ಗಂಟೆ ಹಿಡಿಯುವ ಗ್ರ್ಯಾಫೈಟನ್ನು ಇಷ್ಟು ವರ್ಷ ಯಾರೂ ಪೂರ್ತಿ ಪದಚ್ಯುತಗೊಳಿಸಿಲ್ಲ. ಮಾಲಿಬ್ಡಿನಮ್ ಡೈಸಲ್ಫೈಡಿನ ಸೈದ್ಧಾಂತಿಕ ಅಂಕಿ 670 ಇದೆ. ಆದರೆ ಚಾರ್ಜ್ ಆಗುವಾಗ ಅದರ ರಚನೆಯೇ ಒಡೆದು ಬೇರೆ ವಸ್ತುಗಳಾಗುತ್ತದೆ, ಅದನ್ನು ನೂರಾರು ಬಾರಿ ತಡೆದುಕೊಳ್ಳುವಂತೆ ಮಾಡುವುದು ಸುಲಭವಲ್ಲ.

ನೀರನ್ನು ವಿಭಜಿಸಲು ಇವುಗಳಿಂದ ಹೇಗೆ ಸಹಾಯ?

ನೀರನ್ನು ಜಲಜನಕ, ಆಮ್ಲಜನಕಗಳಾಗಿ ಒಡೆಯಲು ತಾತ್ವಿಕವಾಗಿ ಬೇಕಾದ ವೋಲ್ಟೇಜ್ 1.23. ನಿಜವಾದ ಯಂತ್ರಗಳು 1.8ರಿಂದ 2 ವೋಲ್ಟ್ ತೆಗೆದುಕೊಳ್ಳುತ್ತವೆ. ಈ ಹೆಚ್ಚುವರಿಯನ್ನು ತಗ್ಗಿಸುವುದೇ ವೇಗವರ್ಧಕದ ಕೆಲಸ. ಪ್ರತಿ 0.1 ವೋಲ್ಟ್ ಉಳಿದರೆ ಒಂದು ಕಿಲೋ ಜಲಜನಕಕ್ಕೆ ಸುಮಾರು 2.7 ಯೂನಿಟ್ ವಿದ್ಯುತ್ ಉಳಿಯುತ್ತದೆ. ಇದು ಫ್ಯಾರಡೆಯ ನಿಯಮದಿಂದ ನೇರ ಬರುವ ಲೆಕ್ಕ. ಪಿಯುಸಿ ಓದಿದವರು ಕಾಗದದ ಮೇಲೆ ಮಾಡಿ ನೋಡಬಹುದು.

ಜಲಜನಕದ ಕಡೆ ಪ್ಲಾಟಿನಮ್ಮನ್ನು ಮೀರಿಸುವುದು ಕಷ್ಟ. ಆಮ್ಲಜನಕದ ಕಡೆ, ಆಮ್ಲೀಯ ಯಂತ್ರಗಳಲ್ಲಿ, ಇರಿಡಿಯಮ್ ಬೇಕು; ಅದು ಇಡೀ ಜಗತ್ತಿನಲ್ಲಿ ವರ್ಷಕ್ಕೆ ಏಳೆಂಟು ಟನ್ ಮಾತ್ರ ಸಿಗುತ್ತದೆ. ಅಗ್ಗದ ಹಾಳೆಗಳ ಹುಡುಕಾಟ ನಡೆದಿರುವುದು ಇದಕ್ಕಾಗಿ. ಮಾಲಿಬ್ಡಿನಮ್ ಡೈಸಲ್ಫೈಡಿನ ಕಥೆ ಇಲ್ಲಿ ನನಗೆ ಬಹಳ ಇಷ್ಟ. ಗಾಳಿಯ ಸಾರಜನಕವನ್ನು ಹಿಡಿಯುವ ಬ್ಯಾಕ್ಟೀರಿಯಾಗಳ ನೈಟ್ರೋಜಿನೇಸ್ ಕಿಣ್ವದಲ್ಲೂ ಮಾಲಿಬ್ಡಿನಮ್ ಮತ್ತು ಗಂಧಕ ಇವೆ. ಆ ಕಿಣ್ವದ ಸಕ್ರಿಯ ಜಾಗಕ್ಕೂ ಈ ಹಾಳೆಯ ಅಂಚಿಗೂ ಹೋಲಿಕೆ ಇದೆ ಎಂದು 2005ರಲ್ಲಿ ಲೆಕ್ಕಾಚಾರಗಳು ಸೂಚಿಸಿದವು. 2007ರಲ್ಲಿ ಚಿನ್ನದ ಮೇಲೆ ಸಣ್ಣ ಹಾಳೆಗಳನ್ನು ಬೆಳೆಸಿ, ಜಲಜನಕ ಹುಟ್ಟುವ ವೇಗ ಹಾಳೆಯ ವಿಸ್ತೀರ್ಣವನ್ನಲ್ಲ, ಅಂಚಿನ ಉದ್ದವನ್ನು ಅನುಸರಿಸುತ್ತದೆ ಎಂದು ಪ್ರಯೋಗವೇ ತೋರಿಸಿತು. ಹೊಲದ ಶೇಂಗಾ ಬೇರಿನ ಗಂಟುಗಳಲ್ಲಿ ಇರುವುದೂ ಅದೇ ಕಿಣ್ವ.

ನಿಕಲ್–ಕಬ್ಬಿಣದ ಹಾಳೆ ನಮಗೆ ಒಗ್ಗುತ್ತದೆ ಎಂದಿರಲ್ಲ, ಹೇಗೆ?

ಬೇಕಾಗುವ ವಸ್ತುಗಳು ದುಬಾರಿಯಲ್ಲ: ನಿಕಲ್ ನೈಟ್ರೇಟ್, ಫೆರಿಕ್ ನೈಟ್ರೇಟ್, ಯೂರಿಯಾ, ಭಟ್ಟಿ ಇಳಿಸಿದ ನೀರು, ಒಂದು ತುಂಡು ನಿಕಲ್ ಫೋಮ್ (ಸ್ಪಂಜಿನಂತೆ ರಂಧ್ರಭರಿತ ನಿಕಲ್). ಯೂರಿಯಾ ಹೊಲಕ್ಕೆ ಹಾಕುವುದೇ, ಆದರೆ ಗೊಬ್ಬರದ ಅಂಗಡಿಯದಕ್ಕೆ ಬೇವಿನ ಲೇಪ ಇರುವುದರಿಂದ ಪ್ರಯೋಗಾಲಯದ ದರ್ಜೆಯದನ್ನೇ ತರಿಸಬೇಕು. ಫೋಮಿನ ತುಂಡನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು ಮೇಲಿನ ಆಕ್ಸೈಡ್ ತೆಗೆಯುತ್ತೇವೆ. ಟೆಫ್ಲಾನ್ ಒಳಪದರದ ಉಕ್ಕಿನ ಆಟೋಕ್ಲೇವಿನಲ್ಲಿ (ಬಿಗಿಯಾಗಿ ಮುಚ್ಚುವ ಒತ್ತಡದ ಪಾತ್ರೆ) ದ್ರಾವಣದೊಂದಿಗೆ ಇಟ್ಟು 120 ಡಿಗ್ರಿಯ ಒಲೆಯಲ್ಲಿ ರಾತ್ರಿಯಿಡೀ ಬಿಡುತ್ತೇವೆ. ಯೂರಿಯಾ ನಿಧಾನವಾಗಿ ಒಡೆದು ಅಮೋನಿಯಾ ಕೊಡುತ್ತ ದ್ರಾವಣವನ್ನು ಎಲ್ಲ ಕಡೆ ಸಮವಾಗಿ ಪ್ರತ್ಯಾಮ್ಲೀಯಗೊಳಿಸುತ್ತದೆ. ಹಾಳೆಗಳು ಅವಸರವಿಲ್ಲದೆ ಬೆಳೆಯುತ್ತವೆ.

ಆಟೋಕ್ಲೇವ್ ಪೂರ್ತಿ ತಣ್ಣಗಾದ ಮೇಲೆಯೇ ತೆರೆಯಬೇಕು. ಬೂದುಬಣ್ಣದಲ್ಲಿ ಒಳಗೆ ಹೋದ ಫೋಮ್ ಹಳದಿ ಮಿಶ್ರಿತ ಕಂದಿನಲ್ಲಿ ಹೊರಬರುತ್ತದೆ. ನೀರಿನಡಿ ತೊಳೆದರೂ ಬಣ್ಣ ಹೋಗದಿದ್ದರೆ ಬೆಳೆ ಕಚ್ಚಿದೆ ಎಂದು ಅರ್ಥ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಾಳೆಗಳು ಮಲಗಿಲ್ಲ, ಒಂದಕ್ಕೊಂದು ಆತುಕೊಂಡು ನಿಂತಿವೆ. ಅದೇ ತುಂಡನ್ನು ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಇಳಿಸಿ ವೋಲ್ಟೇಜ್ ಏರಿಸಿದಾಗ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಮಂಜಿನಂತೆ ಏಳುತ್ತವೆ. ಏನೂ ಬೆಳೆಸದ ಫೋಮಿನಲ್ಲಿ ಗುಳ್ಳೆಗಳು ದೊಡ್ಡವಾಗಿ ಅಂಟಿ ಕುಳಿತು ಜಾಗ ಮುಚ್ಚುತ್ತವೆ. ಇಲ್ಲಿ ನಿಂತ ಹಾಳೆಗಳ ಮೊನೆಗಳಿಗೆ ಗುಳ್ಳೆ ಹಿಡಿದುಕೊಳ್ಳಲು ಆಗದೆ ಬೇಗ ಬಿಡುತ್ತದೆ. ವಿದ್ಯಾರ್ಥಿಗಳನ್ನು ಈ ನೋಟದ ಮುಂದೆ ನಿಲ್ಲಿಸಿದರೆ ಸಾಕು, ಆಮೇಲೆ ವಿವರಣೆಗೆ ನಾನು ಹೆಚ್ಚು ಮಾತಾಡಬೇಕಾಗುವುದಿಲ್ಲ.

ಮ್ಯಾಕ್ಸೀನ್ ಮೇಲೆ ಪ್ರಾಜೆಕ್ಟ್ ಮಾಡಬಹುದೇ?

ಪದವಿ ಕಾಲೇಜಿನ ಪ್ರಯೋಗಾಲಯದಲ್ಲಿ ಬೇಡ. ಅದಕ್ಕೆ ಬಳಸುವ ಹೈಡ್ರೋಫ್ಲೋರಿಕ್ ಆಮ್ಲ ಚರ್ಮದ ಮೇಲೆ ಬಿದ್ದರೆ ಮೊದಲು ಉರಿಯೂ ಗೊತ್ತಾಗದೆ ಇರಬಹುದು. ಒಳಗೆ ಇಳಿದು ದೇಹದ ಕ್ಯಾಲ್ಸಿಯಮ್ಮನ್ನು ಹಿಡಿದು ಹೃದಯದ ಲಯವನ್ನೇ ಕೆಡಿಸಬಲ್ಲದು. ಲಿಥಿಯಮ್ ಫ್ಲೋರೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಬೆರೆಸುವ 2014ರ ವಿಧಾನ ‘ಸುರಕ್ಷಿತ’ ಎಂದು ಹೇಳುವುದನ್ನು ಕೇಳಿರುತ್ತೀರಿ. ಆ ಮಿಶ್ರಣದೊಳಗೂ ಹುಟ್ಟುವುದು ಅದೇ ಆಮ್ಲ. ಹೊಗೆಗೂಡು (ಫ್ಯೂಮ್ ಹುಡ್), ತಕ್ಕ ಕೈಗವಸು, ಕ್ಯಾಲ್ಸಿಯಮ್ ಗ್ಲುಕೊನೇಟ್ ಲೇಪ, ತರಬೇತಿ ಪಡೆದ ಮೇಲ್ವಿಚಾರಕರು, ಇವಿಷ್ಟೂ ಇಲ್ಲದ ಕಡೆ ಬಾಟಲಿಯನ್ನೇ ತರಿಸಬೇಡಿ. ಈ ವಿಷಯದಲ್ಲಿ ನಾನು ಯಾರ ಒತ್ತಾಯಕ್ಕೂ ಬಗ್ಗುವುದಿಲ್ಲ.

ಸಂಶೋಧನಾ ಲೇಖನಗಳಲ್ಲಿ ದೊಡ್ಡ ದೊಡ್ಡ ಅಂಕಿಗಳಿರುತ್ತವೆ. ಎಷ್ಟು ನಂಬಬೇಕು?

ಮೊದಲು ಲೇಪನದ ತೂಕ ನೋಡಿ. ಚದರ ಸೆಂಟಿಮೀಟರಿಗೆ ಒಂದು ಮಿಲಿಗ್ರಾಮೂ ಇಲ್ಲದ ಲೇಪನದಲ್ಲಿ ಪ್ರತಿ ಗ್ರಾಂಗೆ ಎಷ್ಟು ಎಂದು ಭಾಗಿಸಿದರೆ ಅಂಕಿ ಉಬ್ಬುತ್ತದೆ. ಮಾರುಕಟ್ಟೆಯ ವಿದ್ಯುದ್ವಾರದಲ್ಲಿ ಹತ್ತು ಮಿಲಿಗ್ರಾಮಿನ ಆಸುಪಾಸು ಇರುತ್ತದೆ. ತೆಳು ಲೇಪನದ ಗುಣ ದಪ್ಪ ಲೇಪನದಲ್ಲಿ ಉಳಿಯುವುದು ಅಪರೂಪ. ಮೇಲಾಗಿ ಒಂದು ಮಿಲಿಗ್ರಾಂ ತೂಗುವ ತಕ್ಕಡಿಯ ತಪ್ಪು ಎಷ್ಟು ಎಂಬುದನ್ನೂ ಕೇಳಬೇಕು.

ಎರಡನೆಯದಾಗಿ, ನಿಕಲ್ ಹೈಡ್ರಾಕ್ಸೈಡಿನಂಥ ವಸ್ತುಗಳಿಗೆ ‘ಗ್ರಾಂಗೆ ಇಷ್ಟು ಫ್ಯಾರಡ್’ ಎಂದು ಬರೆದಿದ್ದರೆ ಎಚ್ಚರ. ಫ್ಯಾರಡ್ ಕೆಪಾಸಿಟರಿನ ಅಳತೆ. ಚಾರ್ಜ್–ಡಿಸ್ಚಾರ್ಜ್ ರೇಖೆಯಲ್ಲಿ ಸಮತಟ್ಟಾದ ಭಾಗ ಕಂಡರೆ ಅದು ಬ್ಯಾಟರಿಯ ವರ್ತನೆ. ಅದಕ್ಕೆ ಫ್ಯಾರಡ್ ಲೆಕ್ಕ ಹಾಕುವುದು ತಪ್ಪು, ಮಿಲಿಆಂಪಿಯರ್–ಗಂಟೆಯಲ್ಲೋ ಕೂಲಂಬಿನಲ್ಲೋ ಹೇಳಬೇಕು. ನಮ್ಮ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಈ ತಪ್ಪು ಇನ್ನೂ ನುಸುಳುತ್ತಿರುವುದು ನನಗೆ ನೋವಿನ ಸಂಗತಿ, ಏಕೆಂದರೆ ಅವರು ಪಟ್ಟ ಶ್ರಮ ನಿಜವಾದದ್ದು.

ವೇಗವರ್ಧಕದ ಪ್ರಯೋಗದಲ್ಲಿ ಮೋಸ ಹೋಗುವ ದಾರಿಗಳು ಇನ್ನೂ ಸೂಕ್ಷ್ಮ. ಜಲಜನಕದ ಪ್ರಯೋಗಕ್ಕೆ ಎದುರು ವಿದ್ಯುದ್ವಾರವಾಗಿ ಪ್ಲಾಟಿನಮ್ ತಂತಿ ಹಾಕಿದರೆ ಅದರಿಂದ ಅತ್ಯಲ್ಪ ಪ್ಲಾಟಿನಮ್ ಕರಗಿ ಬಂದು ನಿಮ್ಮ ಹಾಳೆಯ ಮೇಲೆ ಕೂರುತ್ತದೆ. ಸಾವಿರಾರು ಸುತ್ತುಗಳ ಮೇಲೆ ‘ವೇಗವರ್ಧಕ ದಿನೇ ದಿನೇ ಸುಧಾರಿಸುತ್ತಿದೆ’ ಎನಿಸಿದರೆ ಕಾರಣ ಅದೇ ಆಗಿರಬಹುದು. ಗ್ರ್ಯಾಫೈಟ್ ಕಡ್ಡಿ ಬಳಸಿ. ಆಮ್ಲಜನಕದ ಕಡೆ ಇದೇ ಕೆಲಸವನ್ನು ಕಬ್ಬಿಣ ಮಾಡುತ್ತದೆ. ಅಂಗಡಿಯಿಂದ ತಂದ ಪೊಟ್ಯಾಸಿಯಮ್ ಹೈಡ್ರಾಕ್ಸೈಡಿನಲ್ಲಿ ಅತಿ ಸೂಕ್ಷ್ಮ ಪ್ರಮಾಣದ ಕಬ್ಬಿಣ ಇರುತ್ತದೆ. ಅಷ್ಟೇ ಸಾಕು, ಬರೀ ನಿಕಲ್ ಹೈಡ್ರಾಕ್ಸೈಡಿನ ಚುರುಕು ಬಹಳ ಹೆಚ್ಚಲು. ಬಹುಕಾಲ ನಿಕಲ್ಲಿಗೇ ಸಲ್ಲುತ್ತಿದ್ದ ಹೊಗಳಿಕೆಯಲ್ಲಿ ಕಬ್ಬಿಣದ ಪಾಲೇ ದೊಡ್ಡದಿತ್ತು. ಪ್ರತ್ಯಾಮ್ಲ ದ್ರಾವಣದಲ್ಲಿ ಬೆಳ್ಳಿ ಕ್ಲೋರೈಡಿನ ರೆಫರೆನ್ಸ್ ಎಲೆಕ್ಟ್ರೋಡ್ (ವೋಲ್ಟೇಜನ್ನು ಹೋಲಿಸಿ ಅಳೆಯುವ ವಿದ್ಯುದ್ವಾರ) ಹೆಚ್ಚು ಹೊತ್ತು ನಂಬಿಗಸ್ತವಲ್ಲ, ಪಾದರಸ ಆಕ್ಸೈಡಿನದು ಬೇಕು. ನಿಕಲ್ ಇರುವ ಕಡೆ, ಜಲಜನಕ ವಿದ್ಯುದ್ವಾರದ (ಆರ್‌ಎಚ್‌ಇ) ಮಾಪಕದಲ್ಲಿ ಸುಮಾರು 1.4 ವೋಲ್ಟಿನ ಬಳಿ, ನಿಕಲ್ ತಾನೇ ಉತ್ಕರ್ಷಣಗೊಳ್ಳುವ ಶಿಖರವೊಂದು ಬರುತ್ತದೆ. ಅದನ್ನು ಆಮ್ಲಜನಕ ಎಂದು ಓದಿಬಿಡಬಾರದು. ಅನುಮಾನ ಬಂದರೆ ಹೊರಬಂದ ಅನಿಲವನ್ನು ಅಳತೆಗೊಳವೆಯಲ್ಲಿ ಹಿಡಿದು ನೋಡಿ. ಬ್ಯೂರೆಟ್ ತಲೆಕೆಳಗು ಮಾಡಿ ಅನಿಲ ಹಿಡಿಯುವುದಕ್ಕೆ ಯಾವ ದುಬಾರಿ ಯಂತ್ರವೂ ಬೇಡ, ಮತ್ತು ಈ ಒಂದು ಅಳತೆ ಹತ್ತು ಬಣ್ಣದ ಚಿತ್ರಗಳಿಗಿಂತ ಹೆಚ್ಚು ಬೆಲೆಯದು.

ಗದುಗಿನ ಗಾಳಿಯಂತ್ರಗಳಿಂದ ಜಲಜನಕ ಮಾಡಬಹುದೇ? ಅಷ್ಟು ನೀರು ಎಲ್ಲಿಂದ?

ಕಪ್ಪತ್ತಗುಡ್ಡದ ಕಡೆ ತಿರುಗುವ ಯಂತ್ರಗಳನ್ನು ನೋಡಿದವರೆಲ್ಲ ಇದನ್ನು ಕೇಳುತ್ತಾರೆ. ಲೆಕ್ಕ ಹಾಕೋಣ. ಎರಡು ಮೆಗಾವಾಟಿನ ಒಂದು ಯಂತ್ರ ವರ್ಷದ ಸರಾಸರಿಯಲ್ಲಿ ತನ್ನ ಸಾಮರ್ಥ್ಯದ ಕಾಲು ಭಾಗ ಕೊಡುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ 12,000 ಯೂನಿಟ್. ಒಂದು ಕಿಲೋ ಜಲಜನಕಕ್ಕೆ 50ರಿಂದ 55 ಯೂನಿಟ್ ಬೇಕು. ಅಂದರೆ ದಿನಕ್ಕೆ ಸುಮಾರು 230 ಕಿಲೋ. ರಾಸಾಯನಿಕ ಲೆಕ್ಕದಲ್ಲಿ ಕಿಲೋಗೆ ಒಂಬತ್ತು ಲೀಟರ್ ನೀರು, ಒಟ್ಟು ಎರಡು ಸಾವಿರ ಲೀಟರ್ ಚಿಲ್ಲರೆ. ಶುದ್ಧೀಕರಣದಲ್ಲಿ ಹೋಗುವ ನೀರನ್ನೂ ಸೇರಿಸಿದರೆ ದಿನಕ್ಕೊಂದು ಟ್ರ್ಯಾಕ್ಟರ್ ಟ್ಯಾಂಕರ್ ಎಂದು ಹೇಳಬಹುದು.

ಒಂದು ಯಂತ್ರಕ್ಕೆ ಅದು ಹೆಚ್ಚಲ್ಲ. ನೂರು ಯಂತ್ರಕ್ಕಾದರೆ, ನಲ್ಲಿಯಲ್ಲಿ ನೀರು ಬರುವ ದಿನವನ್ನು ಕಾಯುವ ಊರುಗಳಲ್ಲಿ, ಅದು ದೊಡ್ಡ ಪ್ರಶ್ನೆಯೇ. ಸಂಸ್ಕರಿಸಿದ ಚರಂಡಿ ನೀರನ್ನು ಇನ್ನಷ್ಟು ಶುದ್ಧಗೊಳಿಸಿ ಬಳಸುವ ದಾರಿಯನ್ನು ಮೊದಲು ಯೋಚಿಸಬೇಕು, ಕುಡಿಯುವ ನೀರನ್ನು ಮುಟ್ಟಬಾರದು. ಕಪ್ಪತ್ತಗುಡ್ಡ 2019ರಿಂದ ವನ್ಯಜೀವಿಧಾಮವೂ ಹೌದು, ಹೊಸ ಕಾಮಗಾರಿಗಳಿಗೆ ಆ ಮಿತಿಯೂ ಇದೆ. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ರಾಷ್ಟ್ರೀಯ ಹಸಿರು ಜಲಜನಕ ಮಿಷನ್‌ಗೆ ಒಪ್ಪಿಗೆ ಕೊಟ್ಟು, 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಗುರಿ ಇಟ್ಟಿದೆ. ಆ ಪ್ರಮಾಣದಲ್ಲಿ ನೋಡಿದಾಗ 0.1 ವೋಲ್ಟ್ ಉಳಿತಾಯಕ್ಕೆ ಎಷ್ಟು ಬೆಲೆ ಎಂಬುದು ಅರ್ಥವಾಗುತ್ತದೆ.

ಶೇಂಗಾ ಸಿಪ್ಪೆ, ಗೋವಿನಜೋಳದ ದಿಂಡಿನಿಂದ ಇಂಥ ಹಾಳೆ ಮಾಡಲು ಬರುತ್ತದೆಯೇ?

ಬರುತ್ತದೆ, ಆದರೆ ಗ್ರಾಫೀನ್ ಅಲ್ಲ. ಸಿಪ್ಪೆಯನ್ನು ಗಾಳಿಯಿಲ್ಲದೆ ಸುಟ್ಟು, ಪೊಟ್ಯಾಸಿಯಮ್ ಹೈಡ್ರಾಕ್ಸೈಡಿನೊಂದಿಗೆ ಕಾಯಿಸಿ, ತೊಳೆದರೆ ರಂಧ್ರಭರಿತ ಇಂಗಾಲ ಸಿಗುತ್ತದೆ. ಕೆಲವು ಸ್ಥಿತಿಗಳಲ್ಲಿ ಅದು ತೆಳು ಹಾಳೆಯ ರೂಪ ತಾಳುತ್ತದೆ. ಶೇಂಗಾ ಸಿಪ್ಪೆಯ ಇಂಗಾಲವನ್ನು ಸೋಡಿಯಮ್ ಅಯಾನ್ ಸಾಧನಗಳಲ್ಲಿ ಬಳಸಿದ ಗಂಭೀರ ಕೆಲಸ ಆಗಿದೆ. ಹಾವೇರಿಯಷ್ಟು ಗೋವಿನಜೋಳ ಬೆಳೆಯುವ ಜಿಲ್ಲೆಯಲ್ಲಿ ದಿಂಡಿಗೆ ಕೊರತೆಯಿಲ್ಲ. ತಾಪಮಾನ, ಇಳುವರಿ, ಬೂದಿಯ ಪ್ರಮಾಣ, ತೊಳೆಯಲು ಹಿಡಿದ ನೀರು, ಇಷ್ಟನ್ನೂ ಬರೆದಿಟ್ಟರೆ ಅದೇ ಒಳ್ಳೆಯ ಪ್ರಾಜೆಕ್ಟ್. ನೂರು ಗ್ರಾಂ ದಿಂಡಿಗೆ ಎಷ್ಟು ಗ್ರಾಂ ಇಂಗಾಲ ಬಂತು ಎಂಬುದನ್ನೇ ಹೇಳದ ಪ್ರಬಂಧಗಳನ್ನು ನೋಡಿ ಬೇಸರವಾಗುತ್ತದೆ. ರೈತರಿಗೆ ಬೇಕಾದ ಅಂಕಿ ಅದೊಂದೇ.

ಪರೀಕ್ಷೆಗಳನ್ನು ಎಲ್ಲಿ ಮಾಡಿಸಬೇಕು, ಮುಂದೆ ಎಲ್ಲಿ ಓದಬೇಕು?

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಯೂಸಿಕ್ ಎಂದೇ ಎಲ್ಲರೂ ಕರೆಯುವ ವೈಜ್ಞಾನಿಕ ಉಪಕರಣ ಕೇಂದ್ರವಿದೆ. 2016ರಲ್ಲಿ ಶುರುವಾದ ಐಐಟಿ ಧಾರವಾಡ, ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಹತ್ತಿರದಲ್ಲೇ ಇವೆ. ಎಂ.ಎಸ್ಸಿಗೆ ಐಐಟಿ ಸೇರಲು ಜ್ಯಾಮ್, ಪಿಎಚ್.ಡಿಗೆ ನೆಟ್ ಅಥವಾ ಗೇಟ್ ಬರೆಯಬೇಕು. ಬೆಂಗಳೂರಿನ ಸಂಸ್ಥೆಗಳೂ ಇವೆ. ಮಗಳನ್ನು ಕಳಿಸಲೋ ಬೇಡವೋ ಎಂದು ಕೇಳುವ ಪಾಲಕರಿಗೆ ನನ್ನ ಉತ್ತರ ಸ್ಪಷ್ಟ: ಕಳಿಸಿ. ಪಿಎಚ್.ಡಿಗೆ ಶಿಷ್ಯವೇತನ ಸಿಗುತ್ತದೆ. ಬ್ಯಾಟರಿ, ಜಲಜನಕದ ಕಡೆ ಇದನ್ನು ಕಲಿತವರ ಅಗತ್ಯ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಹಿಂಜರಿಯಬೇಕಿಲ್ಲ. ಮೊದಲ ವರ್ಷ ಓದುವುದು ನಿಧಾನವಾಗಬಹುದು, ಪ್ರಯೋಗದ ಕೈ ನಿಧಾನವಾಗುವುದಿಲ್ಲ.

ಮಾದರಿ ಕಳಿಸುವಾಗ ಏನು ಗಮನಿಸಬೇಕು?

ಪುಡಿ ಪೂರ್ತಿ ಒಣಗಿರಲಿ. ಪೊಟ್ಟಣದ ಮೇಲೆ ದಿನಾಂಕ ಮತ್ತು ತಯಾರಿಯ ತಾಪಮಾನ ಬರೆಯಿರಿ. ಪರಮಾಣು ಪದರಗಳ ಜೋಡಣೆ ತಿಳಿಸುವ ಎಕ್ಸ್‌ರೇ ವಿವರ್ತನೆಗೆ ಕೊಡುವಾಗ ಯಾವ ಕೋನದಲ್ಲಿ ಏನು ನಿರೀಕ್ಷಿಸುತ್ತೀರಿ ಎಂಬುದು ನಿಮಗೆ ಮೊದಲೇ ಗೊತ್ತಿರಬೇಕು: ತಾಮ್ರದ ಎಕ್ಸ್‌ರೇ ಬಳಸಿದಾಗ ನಿಕಲ್–ಕಬ್ಬಿಣದ ಪದರ ಹೈಡ್ರಾಕ್ಸೈಡಿನ ಮೊದಲ ಶಿಖರ 11.5 ಡಿಗ್ರಿಯ ಬಳಿ, ಮಾಲಿಬ್ಡಿನಮ್ ಡೈಸಲ್ಫೈಡಿನದು 14.4ರ ಬಳಿ. ಹಾಗಾಗಿ ಪರೀಕ್ಷೆಯನ್ನು 20 ಡಿಗ್ರಿಯಿಂದ ಶುರು ಮಾಡಿಸಬೇಡಿ, ಐದರಿಂದ ಶುರು ಮಾಡಿಸಿ. ಪುಡಿಯ ಅರ್ಧ ಭಾಗವನ್ನು ಕಳಿಸದೆ ನಿಮ್ಮ ಬಳಿಯೇ ಇಟ್ಟುಕೊಳ್ಳಿ; ಫಲಿತಾಂಶ ಬಂದ ಮೇಲೆ ಇನ್ನೊಮ್ಮೆ ನೋಡಬೇಕಾಗಿ ಬರುತ್ತದೆ.